ಕಾವಲಿಯನ್ನು ಪಳಗಿಸಿದುದು

ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ತಮ್ಮ ಅನುಭವದಿಂದ ಏನನ್ನಾದರೂ ಬರೆದು ಕಳುಹಿಸಬೇಕೆಂದು ಪತ್ರ ಬಂದಾಗ ನಾನು ಬಹಳ ಹೊತ್ತು ಯೋಚಿಸಿದೆನು. ದೊಡ್ಡ ವಿಷಯಗಳನ್ನು ಬರೆಯಬಲ್ಲ ಸಹೋದರಿಯರು ನಮ್ಮಲ್ಲಿ ಅನೇಕರಿರುವರು. ಆದುದರಿಂದ ನಾನು ನನ್ನ ಅಡಿಗೆಮನೆಯ ಒಂದು ಸಣ್ಣ ಸಂಗತಿಯನ್ನೇ ಆರಿಸಿಕೊಂಡಿರುವೆನು. ಇದು ಒಂದು ಕಬ್ಬಿಣದ ಕಾವಲಿಯ ವೃತ್ತಾಂತ. ಇದರಲ್ಲಿ ನನ್ನ ತಪ್ಪೊಂದು ಸೇರಿರುವುದರಿಂದ ಓದುವವರು ನಕ್ಕರೆ ನನಗೆ ಬೇಸರವಿಲ್ಲ.

ಶಾಲೆಯಲ್ಲಿ ಗೃಹಕೃತ್ಯದ ಪಾಠದಲ್ಲಿ ಪಾತ್ರೆ ಬೆಳಗುವುದೆಂದರೆ ನನಗೆ ಬಲು ಉತ್ಸಾಹ. ಹಿತ್ತಾಳೆಯ ಚೆಂಬಿನಲ್ಲಿ ಮುಖ ಕಾಣಬೇಕೆಂದು ಉಪಾಧ್ಯಾಯಿನಿಯವರು ಹೇಳುತ್ತಿದ್ದರು. ನನ್ನ ಚೆಂಬಿನಲ್ಲಿ ಮುಖ ಕಾಣುತ್ತಿತ್ತು. ಈ ಹೆಮ್ಮೆಯನ್ನು ಹೊತ್ತುಕೊಂಡೇ ನಾನು 1978ರಲ್ಲಿ ಮದುವೆಯಾಗಿ ಉಡುಪಿಯ ಸಮೀಪದಲ್ಲಿದ್ದ ಅತ್ತೆಯವರ ಮನೆಗೆ ಬಂದೆನು.

ಆ ಮನೆಯ ಅಡಿಗೆಕೋಣೆಯ ಗೋಡೆಯಲ್ಲಿ ಒಂದು ಕಾವಲಿ ತೂಗುತ್ತಿತ್ತು. ಅದು ಅತ್ತೆಯವರಿಗೆ ಅವರ ಮದುವೆಯಲ್ಲಿ ಅವರ ತಾಯಿಯವರು ಕೊಟ್ಟುದಾಗಿತ್ತು. ಬಣ್ಣವು ಕಾಡಿಗೆಯಂತೆ ಕಪ್ಪು. ಪ್ರತಿದಿನ ಬೆಳಗ್ಗೆ ಅದರ ಮೇಲೆ ನೀರುದೋಸೆಯಾಗುತ್ತಿತ್ತು. ನೀರುದೋಸೆಗೆ ಉದ್ದಿಲ್ಲ, ನೆನೆಸಿದ ಬೆಳ್ತಿಗೆ ಅಕ್ಕಿಯನ್ನು ನುಣ್ಣಗೆ ರುಬ್ಬಿ ನೀರಿನಂತೆ ತೆಳ್ಳಗೆ ಮಾಡಿ ಎರೆಯುವುದು. ಪಳಗದ ಕಾವಲಿಗೆ ಅದು ಅಂಟಿಕೊಂಡು ಬಿಡುತ್ತದೆ. ಅತ್ತೆಯವರ ಕಾವಲಿಯಿಂದಲಾದರೋ ಅದು ಬಾಳೆಲೆಯಿಂದ ನೀರು ಜಾರುವಂತೆ ಜಾರಿ ಬರುತ್ತಿತ್ತು. ಇದಕ್ಕೆ ಕಾರಣವೇನೆಂದು ನಾನು ಕೇಳಲಿಲ್ಲ. ಆ ಕಪ್ಪನ್ನು ಮಾತ್ರ ನೋಡಿದೆನು.

ಒಂದು ಮಧ್ಯಾಹ್ನ ಅತ್ತೆಯವರು ನೆಂಟರ ಮನೆಗೆ ಹೋಗಿದ್ದಾಗ, ಅವರನ್ನು ಸಂತೋಷಪಡಿಸಬೇಕೆಂದು ಕಾವಲಿಯನ್ನು ಬಾವಿಕಟ್ಟೆಗೆ ಒಯ್ದೆನು. ಮೊದಲು ಹುಣಸೆಹಣ್ಣು ಹಚ್ಚಿ ನೆನೆಯಲು ಬಿಟ್ಟೆನು. ಆಮೇಲೆ ಒಡೆದ ಮಾಡಿನ ಹೆಂಚನ್ನು ಪುಡಿಮಾಡಿ ತೆಂಗಿನ ನಾರಿನಿಂದ ತೋಳು ನೋಯುವವರೆಗೂ ತಿಕ್ಕಿದೆನು. ಕಪ್ಪೆಲ್ಲ ಹೋಗಿ ಒಳಗಿನ ಬೂದುಬಣ್ಣದ ಲೋಹವು ಹೊಳೆಯಿತು. ಅದನ್ನು ಮೊಳೆಗೆ ತೂಗಹಾಕಿ, ಹೊಗಳಿಕೆಯನ್ನು ನಿರೀಕ್ಷಿಸುತ್ತ ಮಲಗಿದೆನು.

ಬೆಳಗಾಗುವಷ್ಟರಲ್ಲಿ ಕಾವಲಿಯ ಮೇಲೆ ಕೆಂಪು ತುಕ್ಕು ಹಬ್ಬಿತ್ತು. ಒರಸಿ ಒಲೆಗಿಟ್ಟು ಹಿಟ್ಟೆರೆದರೆ ದೋಸೆಯು ಏಳಲಿಲ್ಲ. ಎರಡನೆಯದು ಹರಿಯಿತು, ಮೂರನೆಯದು ಕರಗಟ್ಟಿತು. ಆ ದಿನವೇ ಮನೆಯಲ್ಲಿ ಇಬ್ಬರು ಅತಿಥಿಗಳಿದ್ದರು. ಅತ್ತೆಯವರು ಬಂದು ಕಾವಲಿಯನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿ, ಏನೂ ಹೇಳದೆ ಅವಲಕ್ಕಿ ಕಲಸಿ ಬಡಿಸಿದರು. ದೋಸೆಯೇಕಿಲ್ಲವೆಂದು ಮಾವನವರು ಕೇಳಿದಾಗ, "ಹಿಟ್ಟಿನ ಹದ ಇವತ್ತು ನನ್ನ ಕೈಯಲ್ಲಿ ತಪ್ಪಿತು" ಎಂದರು. ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಆ ಮಾತು ಬೈಗುಳಕ್ಕಿಂತಲೂ ಹೆಚ್ಚಾಗಿ ತಾಗಿತು.

ಎಲ್ಲರೂ ಎದ್ದುಹೋದ ಮೇಲೆ ಅವರು ಹೇಳಿದುದಿಷ್ಟೆ: "ಮಗಳೇ, ನೀನು ತಿಕ್ಕಿ ತೆಗೆದದ್ದು ಕೊಳೆಯಲ್ಲ, ಅದರ ಚರ್ಮ. ಹೋದದ್ದು ಹೋಯಿತು. ಮತ್ತೆ ಪಳಗಿಸುವ."

ಅಂದು ಸಂಜೆಯೇ ಕೆಲಸವು ಆರಂಭವಾಯಿತು. ತುಕ್ಕನ್ನು ಉಪ್ಪು ಹಾಕಿ ತಿಕ್ಕಿ ತೆಗೆದು, ತೊಳೆದು, ಒಂದು ಹನಿಯೂ ಉಳಿಯದಂತೆ ಒಲೆಯ ಮೇಲೆ ಒಣಗಿಸಿದೆವು. ಅನಂತರ ನಾಲ್ಕೈದು ಹನಿ ಎಳ್ಳೆಣ್ಣೆಯನ್ನು ಬಟ್ಟೆಯಿಂದ ಸವರಿದೆವು. ಸವರಿದುದನ್ನು ಕೂಡಲೆ ಒಣಬಟ್ಟೆಯಿಂದ ಒರಸಿಬಿಡಬೇಕೆಂದು ಅತ್ತೆಯವರು ಹೇಳಿದಾಗ ನನಗೆ ಆಶ್ಚರ್ಯವಾಯಿತು. ಎಣ್ಣೆ ಹೆಚ್ಚಾದರೆ ಅದು ಗೋಂದಿನಂತೆ ಅಂಟಂಟಾಗಿ ನಿಲ್ಲುವುದಂತೆ. ಬಳಿಕ ಹೊಗೆಯೆದ್ದು ಅದು ಅಡಗುವವರೆಗೂ ಕಾಯಿಸಿ, ಆರಿಸಿ, ಪುನಃ ಸವರುವುದು. ಬೂದುಬಣ್ಣವು ಮೊದಲು ಹುಲ್ಲಿನ ಹಳದಿಯಾಯಿತು, ಆಮೇಲೆ ಕಂದಾಯಿತು, ಕ್ರಮೇಣ ಕಪ್ಪಿಗೆ ತಿರುಗಿತು. ತೆಂಗಿನೆಣ್ಣೆಯ ಸೀಮೆಯಲ್ಲಿ ಎಳ್ಳೆಣ್ಣೆಯೇಕೆಂದು ಕೇಳಿದರೆ, "ಅದು ಇದಕ್ಕೆ ಹಿಡಿಯುವುದಿಲ್ಲ" ಎಂದಷ್ಟೇ ಉತ್ತರ. ಕೆಲವು ದಿನ ನೀರುಳ್ಳಿಯನ್ನು ಹುರಿದೆವು. ಆಮೇಲೆ ಎಣ್ಣೆ ಹೆಚ್ಚು ಬೇಡುವ ಉದ್ದಿನ ದೋಸೆಯನ್ನು ಮಾತ್ರ ಎರೆದೆವು.

ಒಲೆಯ ಮುಂದಿನ ಆ ಸಂಜೆಗಳಲ್ಲಿ ನಾವು ಮಾತಾಡಲು ಕಲಿತೆವು. ಅತ್ತೆಯವರು ನಾಲ್ಕನೆಯ ತರಗತಿಯ ಮೇಲೆ ಓದಿದವರಲ್ಲ. ನಮ್ಮ ಶಾಲೆಯ ಗಂಟೆ, ಪುಸ್ತಕದ ಕೋಣೆ, ಆಟದ ಬಯಲು, ಎಲ್ಲವನ್ನೂ ಕೇಳಿ ತಿಳಿಯುತ್ತಿದ್ದರು. ತಮಗೂ ಓದಲು ಬಹಳ ಆಸೆಯಿತ್ತೆಂದು ಒಮ್ಮೆ ಹೇಳಿ ಸುಮ್ಮನಾದರು. ಸುಮಾರು ಆರು ವಾರಗಳಾದ ಮೇಲೆ ಒಂದು ಬೆಳಗ್ಗೆ ನೀರುದೋಸೆಯು ಅಂಚು ಬಿಟ್ಟು ಇಡಿಯಾಗಿ ಎದ್ದಿತು. ಅವರು ಅದನ್ನು ಮಡಚಿ, ಮಾವನವರಿಗಿಂತ ಮೊದಲು ನನ್ನ ತಟ್ಟೆಗೆ ಹಾಕಿದರು.

ಅತ್ತೆಯವರ ಮಾತಿನ ಕಾರಣಗಳನ್ನು ನಾನು ಬಹಳ ವರ್ಷಗಳ ಮೇಲೆ ಓದಿ ತಿಳಿದೆನು. ನಾವು ಕಬ್ಬಿಣವೆನ್ನುವ ತಗಡಿನ ಕಾವಲಿಯು ನಿಜವಾಗಿ ಉಕ್ಕು. ಸಾಮಾನ್ಯವಾಗಿ ಅದರಲ್ಲಿ ಇಂಗಾಲವು ನೂರಕ್ಕೆ 1 ಪಾಲಿಗಿಂತಲೂ ಕಡಿಮೆ. ಎರಕದ ಕಬ್ಬಿಣದಲ್ಲಿ ಇಂಗಾಲವು 2ರಿಂದ 4 ಪಾಲಿರುವುದರಿಂದ ಅದು ಕೆಳಗೆ ಬಿದ್ದರೆ ಒಡೆಯಬಹುದು; ಉಕ್ಕಿನ ತಗಡು ಒಡೆಯದು, ಬೇಗ ಕಾಯುವುದು. ತೆಳುವಾಗಿ ಸವರಿದ ಎಣ್ಣೆಯು ಬಿಸಿಯಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ, ಅದರ ಅಣುಗಳು ಒಂದಕ್ಕೊಂದು ಕೊಂಡಿಯಂತೆ ಹೆಣೆದುಕೊಂಡು ಗಟ್ಟಿಯಾದ ಪೊರೆಯಾಗುವುವು. ಆಗ ಅದು ಎಣ್ಣೆಯಲ್ಲ. ಮರಕ್ಕೆ ಬಳಿದ ವಾರ್ನಿಷಿನಂಥದು. ತೆಂಗಿನೆಣ್ಣೆಯ ಬಹುಪಾಲು ಹೀಗೆ ಹೆಣೆದುಕೊಳ್ಳದ ಜಾತಿಯದು. ಎಳ್ಳೆಣ್ಣೆಯ ಬಹುಪಾಲು ಹೆಣೆದುಕೊಳ್ಳತಕ್ಕದ್ದು. ಹುಣಸೆಯ ಹುಳಿಯಾದರೋ ಪೊರೆಯ ಬುಡವನ್ನೇ ಸಡಿಲಿಸುವುದು. ಆದುದರಿಂದ ಈ ಕಾವಲಿಯಲ್ಲಿ ಹುಳಿಯನ್ನು ಬೇಯಿಸಬಾರದು, ನೀರಿನಲ್ಲಿ ನೆನೆಹಾಕಬಾರದು, ತೊಳೆದೊಡನೆ ಬೆಂಕಿಯ ಮೇಲೆ ಒಣಗಿಸಿ ಎಣ್ಣೆಯ ಕೈ ಸವರಿಡಬೇಕು.

ಈಗ ಅಂಟದ ಬಾಣಲೆಗಳು ಮನೆಮನೆಯಲ್ಲಿಯೂ ಇರುವುವು. ಅವುಗಳ ಲೇಪವಾದ ಟೆಫ್ಲಾನನ್ನು 1938ರಲ್ಲಿ ಅಮೆರಿಕೆಯ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನು ಆಕಸ್ಮಿಕವಾಗಿ ಕಂಡುಹಿಡಿದನು. ಅದರ ಸೌಕರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಲೇಪವು ಒಮ್ಮೆ ಸುಲಿದುಹೋದರೆ ಮನೆಯಲ್ಲಿ ಮತ್ತೆ ಬರಿಸಲಾಗದು. ಕಬ್ಬಿಣದ ಕಾವಲಿಯು ಎಷ್ಟು ಕೆಟ್ಟರೂ ತಾಳ್ಮೆಯುಳ್ಳವರ ಕೈಯಲ್ಲಿ ಪುನಃ ಸರಿಹೋಗುವುದು. ನನ್ನಂಥವಳಿಗೆ ಈ ಗುಣವೇ ದೊಡ್ಡದಾಗಿ ಕಂಡಿತು.

ಅತ್ತೆಯವರು 1996ರಲ್ಲಿ ತೀರಿಕೊಂಡರು. ಕಾವಲಿಯು ಈಗಲೂ ನನ್ನ ಬಳಿಯಲ್ಲಿದೆ. ಹೋದ ವರ್ಷ ಬೆಂಗಳೂರಿನಲ್ಲಿರುವ ಮಗಳು ಅದನ್ನು ತನಗೆ ಕೊಡೆಂದು ಕೇಳಿದಾಗ, ನಾನು ಅವಳಿಗೆ ಹೊಸ ತಗಡಿನ ಕಾವಲಿಯೊಂದನ್ನೂ ಒಂದು ಸೀಸೆ ಎಳ್ಳೆಣ್ಣೆಯನ್ನೂ ಕೊಟ್ಟು ಕಳುಹಿಸಿದೆನು. ಮೊದಲ ಮೂರು ದೋಸೆ ಹರಿದುವೆಂದು ಅವಳು ದೂರವಾಣಿಯಲ್ಲಿ ದುಃಖಿಸಿದಳು. "ನಾಲ್ಕನೆಯದನ್ನು ಎರೆ" ಎಂದು ಹೇಳಿದೆನು.

ಶಾಲೆಯಲ್ಲಿ ಕಲಿತ ಪಾಠವು ಸುಳ್ಳೆಂದು ನಾನು ಹೇಳುತ್ತಿಲ್ಲ. ಚೆಂಬು ಬೆಳಗಲೇಬೇಕು. ಆದರೆ ಕಪ್ಪಾದುದೆಲ್ಲ ಕೊಳೆಯಲ್ಲ. ಹೊಸ ಮನೆಗೆ ಕಾಲಿಡುವ ನಮ್ಮ ಶಾಲೆಯ ಹೆಣ್ಣುಮಕ್ಕಳು, ಅಲ್ಲಿಯ ಯಾವುದನ್ನಾದರೂ ತಿಕ್ಕುವುದಕ್ಕೆ ಮುಂಚೆ ಅದೇನೆಂದು ಒಂದು ಮಾತು ಕೇಳಲಿ. ಕೇಳದೆ ಕೆಡಿಸಿದರೂ ಎದೆಗುಂದದಿರಲಿ. ಜೊತೆಯಲ್ಲಿ ಕುಳಿತು ಪಳಗಿಸುವವರೊಬ್ಬರು ಅವರಿಗೆ ದೊರೆಯಲೆಂದು ಹಾರೈಸುವೆನು.