ನಾರ್ಕಂಡದ ದಾರಿಯಲ್ಲಿ ಆರಿದ ದೀಪ

ದಿಲ್ಲಿಯ ಕನ್ನಡಿಗರ ಮನೆಗಳಲ್ಲಿ ಚಳಿಗಾಲ ಬಂದಿತೆಂದು ಮೊದಲು ಸಾರುವುದು ಕೊಬ್ಬರಿ ಎಣ್ಣೆಯ ಸೀಸೆ. ನಿನ್ನೆಯವರೆಗೆ ನೀರಿನಂತಿದ್ದ ಎಣ್ಣೆ ಬೆಳಗಾಗುವಷ್ಟರಲ್ಲಿ ಮೇಣದಂತೆ ಬಿಗಿದುಕೊಂಡಿರುತ್ತದೆ. ಬಿಸಿಲಿಗಿಡದೆ ತಲೆಗೆ ಹಚ್ಚುವಂತಿಲ್ಲ. ವರ್ಷವರ್ಷವೂ ಇದನ್ನು ಕಂಡಿದ್ದರೂ, ಮೋಟಾರ್ ಸೈಕಲ್ಲಿನ ಸ್ವಿಚ್ಚಿನೊಳಗೂ ಅದೇ ನಡೆದೀತೆಂದು ನಮಗೆ ಹೊಳೆದಿರಲಿಲ್ಲ. ಆ ಬುದ್ಧಿ ಬಂದದ್ದು 2022ರ ನವೆಂಬರಿನಲ್ಲಿ, ನಾರ್ಕಂಡದ ದಾರಿಯಲ್ಲಿ.

ನಾವೆಂದರೆ ಇಬ್ಬರು ಷಡ್ಡಕರು. ಒಬ್ಬರು ಹಾಸನದ ಕಡೆಯವರು, ಒಬ್ಬರು ಧಾರವಾಡದ ಕಡೆಯವರು. ಗಾಡಿ ನಮ್ಮಷ್ಟೇ ಅನುಭವಸ್ಥ. ಕಾಲ್ಕಾ ದಾಟಿ ಶಿಮ್ಲಾ ಸೇರಿ, ಮರುದಿನ ಬೆಳಗ್ಗೆಯೇ ಹೊರಡುವುದೆಂದು ನಿಶ್ಚಯಿಸಿದ್ದೆವು. ಆದರೆ ಮಾಲ್ ರಸ್ತೆಯಲ್ಲಿ ಮಕ್ಕಳಿಗೆ ಉಣ್ಣೆಯ ಟೋಪಿ ಆರಿಸುವುದರಲ್ಲಿ ಮಧ್ಯಾಹ್ನ ಕಳೆಯಿತು. ಕುಫ್ರಿ, ಫಾಗು ದಾಟಿ ಠಿಯೋಗದಲ್ಲಿ ಚಹಾ ಕುಡಿಯುವಾಗ ಸೂರ್ಯ ಬೆಟ್ಟದ ಹಿಂದೆ ಇಳಿದಿದ್ದ. ನಾರ್ಕಂಡ ಇನ್ನೂ ಸುಮಾರು 30 ಕಿಲೋಮೀಟರು.

ಇದು ಹಳೆಯ ಹಿಂದೂಸ್ತಾನ್-ಟಿಬೆಟ್ ರಸ್ತೆಯ ಸೀಮೆ. 1850ರಲ್ಲಿ ಡಾಲ್‌ಹೌಸಿಯ ಕಾಲದಲ್ಲಿ ಆ ರಸ್ತೆಯ ಕೆಲಸ ಆರಂಭವಾಯಿತು. ಹಗಲಿನಲ್ಲಿ ನೋಡಿದರೆ ಇಕ್ಕೆಲದಲ್ಲೂ ದೇವದಾರು, ಇಳಿಜಾರಿನಲ್ಲಿ ಎಲೆಯುದುರಿದ ಸೇಬಿನ ತೋಟಗಳು. ನಮಗೆ ಕಂಡದ್ದು ದೀಪದ ಬೆಳಕು ಬಿದ್ದಷ್ಟೇ ರಸ್ತೆ. ಚಳಿ ಕೈಗವಸಿನೊಳಗೆ ನುಗ್ಗಿ ಬೆರಳುಗಳನ್ನು ಕಚ್ಚುತ್ತಿತ್ತು.

ಒಂದು ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಹಾಸನದವರು ಮರ್ಯಾದೆಯಿಂದ ಡಿಮ್ ಮಾಡಲು ಸ್ವಿಚ್ಚು ತಳ್ಳಿದರು. ದೀಪವೇ ಆರಿಹೋಯಿತು. ಲಾರಿಯ ಬೆಳಕು ಕಣ್ಣಿಗೆ ಹೊಡೆದು ಹೋದ ಮೇಲೆ ಉಳಿದದ್ದು ಬರಿಯ ಕತ್ತಲೆ. ರಸ್ತೆಯ ಅಂಚು ಎಲ್ಲಿ, ಕಣಿವೆ ಎಲ್ಲಿ, ಒಂದೂ ತಿಳಿಯದು. ಬ್ರೇಕು ಹಿಡಿದು ನಿಂತೆವು.

“ಏನಾತ್ರೀ?”

“ದೀಪ ಹೋಯ್ತು ಕಣ್ರೀ!”

ಸ್ವಿಚ್ಚಿನ ಗುಂಡಿ ಮೇಲೂ ಇಲ್ಲ, ಕೆಳಗೂ ಇಲ್ಲ, ನಡುವೆ ಸಿಕ್ಕಿಕೊಂಡಿತ್ತು. ಒಂದು ತಂತುವನ್ನು ಬಿಟ್ಟು ಇನ್ನೊಂದನ್ನು ಮುಟ್ಟುವ ಮೊದಲೇ ನಿಂತರೆ ಎರಡೂ ಆರುವುದು ಸಹಜವೇ. ಕೈಗವಸು ತೆಗೆದು, ಅಂಗೈಯಿಂದ ಸ್ವಿಚ್ಚನ್ನು ಮುಚ್ಚಿ, ಬಾಯಿಯ ಬಿಸಿ ಊದಿ, ಹತ್ತಾರು ಸಲ ಆಡಿಸಿದ ಮೇಲೆ ಮೇಲಿನ ದೀಪ ಹತ್ತಿತು. ಇನ್ನು ಅದನ್ನು ಮುಟ್ಟುವ ಧೈರ್ಯ ಇಬ್ಬರಿಗೂ ಇಲ್ಲ. ಎದುರಿಗೆ ವಾಹನ ಬಂದಾಗಲೆಲ್ಲ ಬದಿಗೆ ನಿಲ್ಲಿಸುವುದು, ಧಾರವಾಡದವರು ಇಳಿದು ಮಫ್ಲರನ್ನು ದೀಪಕ್ಕೆ ಅಡ್ಡ ಹಿಡಿಯುವುದು, ಅದು ಹೋದ ಮೇಲೆ ಬೆಚ್ಚಗಾದ ಮಫ್ಲರನ್ನು ಮತ್ತೆ ಕೊರಳಿಗೆ ಸುತ್ತಿಕೊಳ್ಳುವುದು. ಹೀಗೆ ನಾರ್ಕಂಡ ಮುಟ್ಟಿದಾಗ ರಾತ್ರಿ ಒಂಬತ್ತು. ಊರು ಇರುವುದೇ 2,700 ಮೀಟರಿನ ಎತ್ತರದಲ್ಲಿ; ರಜಾಯಿಯ ಮೇಲೆ ರಜಾಯಿ ಹೊದ್ದರೂ ನಡುಕ ನಿಲ್ಲಲಿಲ್ಲ. ಅದಷ್ಟೂ ಚಳಿಯ ನಡುಕವೆಂದು ಹೇಳಿದರೆ ಸುಳ್ಳಾದೀತು.

ಬೆಳಗ್ಗೆ ಒಬ್ಬ ಮುದುಕ ಮಿಸ್ತ್ರಿ ಸಿಕ್ಕಿದ. ಆತ ಮೊದಲು ಬ್ಯಾಟರಿಯ ತಂತಿ ಬಿಡಿಸಿದ. ಸ್ವಿಚ್ಚಿನ ಕೆಳಗೆ ಬಟ್ಟೆ ಹಿಡಿದುಕೊಳ್ಳಲು ನಮಗೆ ಹೇಳಿ ಎರಡು ತಿರುಪು ಬಿಚ್ಚಿದ. ಬಟ್ಟೆ ಏಕೆಂಬುದು ಆಮೇಲೆ ತಿಳಿಯಿತು: ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಉಕ್ಕಿನ ಗುಂಡೂ ಅದರ ಸ್ಪ್ರಿಂಗೂ ಟಣ್ಣನೆ ಹಾರಿದವು. ರಸ್ತೆಗೆ ಹಾರಿದ್ದರೆ ದಿಲ್ಲಿಗೆ ಬಸ್ಸೇ ಗತಿ.

ಒಳಗೆ ಕಂದು ಬಣ್ಣದ ಗ್ರೀಸು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಹಿತ್ತಾಳೆಯ ಬಿಲ್ಲೆಗಳ ಮೇಲೆ, ತಿಂಗಳುಗಟ್ಟಲೆ ಹುಣಿಸೆಹಣ್ಣು ಕಾಣದ ಚೊಂಬಿನಂತೆ, ಹಸಿರು ಕಿಲುಬು. “ಇಷ್ಟೊಂದು ಗ್ರೀಸು ತುಂಬಿದವರು ಯಾರು?” ಎಂದು ಮಿಸ್ತ್ರಿ ಕೇಳಿದ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮಳೆಗಾಲದಲ್ಲಿ ನೀರು ಹೋಗದಿರಲೆಂದು, ಚಕ್ರಕ್ಕೆ ಹಾಕುವ ಗ್ರೀಸನ್ನು ಬಹಳ ಪ್ರೀತಿಯಿಂದ ತುಂಬಿದವರು ನಾವೇ! ದಿಲ್ಲಿಯ ಸೆಕೆಯಲ್ಲಿ ಬೆಣ್ಣೆಯಂತಿದ್ದದ್ದು ಇಲ್ಲಿ ಕೊಬ್ಬರಿ ಎಣ್ಣೆಯಾಗಿತ್ತು.

ಆತ ಅಂಗೀಠಿಯಿಂದ ದೂರ ಬಿಸಿಲಿಗೆ ಬಂದು ಪೆಟ್ರೋಲಿನಲ್ಲಿ ಎಲ್ಲವನ್ನೂ ತೊಳೆದ. ನಯವಾದ ಮರಳುಕಾಗದದಿಂದ ಬಿಲ್ಲೆಗಳನ್ನು ಹೊಳೆಯುವಷ್ಟು ಮಾತ್ರ ಉಜ್ಜಿ, ಪುಡಿ ಒರೆಸಿ, ಜಾರುವ ಭಾಗಕ್ಕೆ ಸಿಲಿಕೋನ್ ಗ್ರೀಸನ್ನು ಬೆಂಕಿಕಡ್ಡಿಯ ತುದಿಯಷ್ಟು ಸವರಿದ. ಜೋಡಿಸಿದ ಮೇಲೆ ದೀಪ ಹಚ್ಚಿ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದ. ಆಗ ಬೆಳಕು ಮಿಟುಕಿದರೆ ತಪ್ಪು ಸ್ವಿಚ್ಚಿನದಲ್ಲ, ಕತ್ತಿನ ಬಳಿ ಮಡಿಸಿ ಮಡಿಸಿ ಒಳಗೇ ತುಂಡಾದ ತಂತಿಯದಂತೆ. ನಮ್ಮದು ಮಿಟುಕಲಿಲ್ಲ.

ಇನ್ನೊಂದು ಮಾತನ್ನೂ ಹೇಳಿದ. 60 ವಾಟಿನ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ಅಷ್ಟೂ ಆ ಪುಟ್ಟ ಬಿಲ್ಲೆಗಳ ಮೂಲಕವೇ ಹರಿಯಬೇಕು. ಕಿಲುಬಿನಲ್ಲಿ ಒಂದು ವೋಲ್ಟು ಸೋರಿದರೂ ಬೆಳಕು ಕಾಲು ಭಾಗದಷ್ಟು ಇಳಿಯುತ್ತದೆ. ಮೇಲಿನ ದೀಪಕ್ಕೊಂದು, ಕೆಳಗಿನದಕ್ಕೊಂದು ರಿಲೇ ಹಾಕಿಸಿದರೆ ಭಾರವನ್ನು ಅವು ಹೊರುತ್ತವೆ, ಸ್ವಿಚ್ಚಿಗೆ ಬರಿಯ ಅಪ್ಪಣೆ ಕೊಡುವ ಕೆಲಸ. ಊರಿಗೆ ಮರಳಿದ ವಾರವೇ ಹಾಕಿಸಿದೆವು. 2017ರ ಏಪ್ರಿಲಿನಿಂದ ಹೊಸ ಗಾಡಿಗಳಿಗೆ ದೀಪ ಆರಿಸುವ ಸ್ವಿಚ್ಚೇ ಇರುವುದಿಲ್ಲ. ಆದರೆ ಡಿಮ್ ಮಾಡುವ ಸ್ವಿಚ್ಚು ಅವಕ್ಕೂ ಉಂಟಾದ್ದರಿಂದ ಹೊಸ ಗಾಡಿಯವರೂ ಇದನ್ನು ಓದಬಹುದು.

ಮಿಸ್ತ್ರಿ ಕೇಳಿದ್ದು ನೂರೈವತ್ತು ರೂಪಾಯಿ. ಜೊತೆಗೆ ಮನೆಯವರು ಕಟ್ಟಿಕೊಟ್ಟಿದ್ದ ಚಟ್ನಿಪುಡಿಯ ಪೊಟ್ಟಣವನ್ನೂ ಕೊಟ್ಟೆವು. ಅನ್ನಕ್ಕೆ ತುಪ್ಪದೊಡನೆ ಕಲಸಬೇಕೆಂದು ವಿವರಿಸುವುದರಲ್ಲಿ ನಮ್ಮ ಹಿಂದಿಯೆಲ್ಲ ಖರ್ಚಾಯಿತು.

ಇಳಿಯುವಾಗ ನಡುಹಗಲು. ಆದರೂ ಹಾಸನದವರು ತಿರುವು ತಿರುವಿಗೂ ಸ್ವಿಚ್ಚು ಆಡಿಸಿ ನೋಡುತ್ತಲೇ ಇದ್ದರು. ಎದುರು ಬಂದವರೆಲ್ಲ ಬೆರಳುಗಳನ್ನು ಮುಚ್ಚಿ ತೆರೆದು, ದೀಪ ಉರಿಯುತ್ತಿದೆಯೆಂದು ಸನ್ನೆ ಮಾಡಿದರು. ಧಾರವಾಡದವರು ಹಿಂದಿನಿಂದ ಪ್ರತಿಯೊಬ್ಬರಿಗೂ ಕೈಯೆತ್ತಿ ನಮಸ್ಕರಿಸಿದರು.