ಮಂಡಿಗೂ ಒಂದು ಪೀರಿಯಡ್ಡು

28 ವರ್ಷ ಕರಿಹಲಗೆಯ ಮುಂದೆ ನಿಂತವಳಿಗೆ ಮಂಡಿಯ ಬಗ್ಗೆ ಮಾತಾಡುವ ಹಕ್ಕಿದೆ ಎಂದುಕೊಂಡಿದ್ದೇನೆ. ನಮ್ಮ ಸ್ಟಾಫ್ ರೂಮಿನಲ್ಲಿ ಮೊದಲೆಲ್ಲ ಸೀರೆ, ಸೊಸೆ, ತುಟ್ಟಿಭತ್ಯೆಯ ಮಾತು. ಈಗ ಯಾವ ಮಾತು ಎತ್ತಿದರೂ ಮಂಡಿಗೇ ಬಂದು ನಿಲ್ಲುತ್ತದೆ. ಒಬ್ಬರು ಎಣ್ಣೆ ಹೇಳಿದರೆ ಇನ್ನೊಬ್ಬರು ಬೆಲ್ಟು ಹೇಳುತ್ತಾರೆ. ತೊಡೆಯ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಮಂಡಿಗೆ ಆಸರೆಯಾಗಿರುವುದು ತೊಡೆಯ ಮುಂಭಾಗದ ನಾಲ್ಕು ಕವಲಿನ ಸ್ನಾಯು. ಅದು ಸೊರಗಿತೋ, ಮೆಟ್ಟಿಲಿಳಿಯುವಾಗಿನ ಪೆಟ್ಟೆಲ್ಲ ಕೀಲಿಗೇ.

ನನ್ನ ಅಕ್ಕನಿಗೆ 62. ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿದ್ದೇ ತಡ, ಮಂಚ ಹಿಡಿದಳು. ಮೊದಲು ನೆಲದ ಮೇಲೆ ಕೂರುವುದು ಬಿಟ್ಟಳು, ಆಮೇಲೆ ದೇವಸ್ಥಾನ, ಕಡೆಗೆ ಮಹಡಿಮನೆಯ 14 ಮೆಟ್ಟಿಲು. ವರ್ಷದೊಳಗೆ ಅವಳ ತೊಡೆ ಇಳಿದುಹೋದದ್ದು ನೋಡಿ ನನಗೆ ಎದೆ ಧಸಕ್ಕೆಂದಿತು. ವ್ಯಾಯಾಮ ಮಾಡಕ್ಕ ಎಂದರೆ, “ಸವೆದದ್ದನ್ನ ಇನ್ನೂ ಸವೆಸಬೇಕೇನೇ?” ಎಂದಳು.

ನಮ್ಮಲ್ಲಿ ಬಹಳ ಜನರ ಭಯ ಇದೇ. ಆದರೆ ಮಂಡಿಯೇನು ಸೈಕಲ್ಲಿನ ಚೈನಲ್ಲವಲ್ಲ! ಕೀಲಿನೊಳಗಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಒತ್ತಿ ಬಿಟ್ಟ ಸ್ಪಂಜಿನ ಹಾಗೆ, ಕೀಲಿನ ದ್ರವದಿಂದಲೇ ಅದು ಆಹಾರ ಹೀರಿಕೊಳ್ಳಬೇಕು. ನಾವು ಅಲುಗಾಡದೆ ಕುಳಿತರೆ ಅದಕ್ಕೆ ಉಪವಾಸ.

ಫಿಸಿಯೋಥೆರಪಿಯ ಹುಡುಗಿ ಮನೆಗೇ ಬಂದು ಹೇಳಿಕೊಟ್ಟಳು. ಸುತ್ತಿದ ಟವೆಲ್ಲನ್ನು ಮಂಡಿಯ ಕೆಳಗಿಟ್ಟು, ಅದನ್ನು ಅದುಮಿ 5 ಎಣಿಸುವುದು. ಅಂಗಾತ ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದಡಿ ಎತ್ತಿ, 5 ಎಣಿಸಿ ಇಳಿಸುವುದು. ಹೀಗೆ 10 ಸಲ. ಇಳಿಸುವಾಗ ಧೊಪ್ಪನೆ ಬಿಡಕೂಡದು, ನಿಧಾನವಾಗಿ ಇಳಿಸಬೇಕು. ಅಕ್ಕ ಬೇಗ ಬೇಗ ಎಣಿಸಿ ಮುಗಿಸುತ್ತಿದ್ದಳು, ನಮ್ಮ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ! ಕೆಲವು ವಾರಗಳಾದ ಮೇಲೆ, ಕುರ್ಚಿಯಿಂದ ಕೈಯೂರದೆ ಏಳುವುದು. ಮಂಡಿ ಊದಿ ಬಿಸಿಯಾಗಿದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಬೇಕು.

ಯಜಮಾನರ ಬಿ.ಪಿ. ಮಾತ್ರೆ ಒಂದು ದಿನವೂ ಮರೆಯದವಳು ತನ್ನ ಕಾಲಿಗೆ 15 ನಿಮಿಷ ಕೊಡಲು ಎಷ್ಟು ನೆಪ ಹೇಳಿದಳೆಂದರೆ! ನಾನು ದಿನಾ ಸಂಜೆ ಫೋನು ಮಾಡಿ ಹಾಜರಿ ತೆಗೆದುಕೊಳ್ಳುತ್ತಿದ್ದೆ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಹೋದರೆ, ಅಕ್ಕ ಬೀದಿಯಲ್ಲಿ ನಿಂತು ಗಾಡಿಯವನ ಹತ್ತಿರ ಹೀರೇಕಾಯಿಗೆ ಚೌಕಾಶಿ ಮಾಡುತ್ತಿದ್ದಾಳೆ. ನೋವು ಪೂರ್ತಿ ಹೋಗಿಲ್ಲವಂತೆ. ಕಂಬಿ ಹಿಡಿದು ಮೆಟ್ಟಿಲ ಹತ್ತಿರ ನಿಂತವಳು, “ನೋಡೇ, ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋಯೋ ಕಾಲು ಮೊದಲು” ಎಂದು ನನಗೇ ಪಾಠ ಶುರುಮಾಡಿದಳು.