ತಾಯಿ ಕೊಟ್ಟ ಮಾಲೆ

ಮಗನು ವಿದ್ಯೆಗೋ ವೃತ್ತಿಶಿಕ್ಷಣಕ್ಕೋ ಪರದೇಶಕ್ಕೆ ಹೊರಟಾಗ ಶ್ರಾವಕರ ಮನೆಯಲ್ಲಿ ಎರಡು ಬಗೆಯ ಸಿದ್ಧತೆಗಳು ನಡೆಯುತ್ತವೆ. ತಂದೆ ಟಿಕೇಟು, ಶುಲ್ಕ, ವಸತಿಗಳ ಲೆಕ್ಕವನ್ನು ನೋಡುತ್ತಾನೆ. ತಾಯಿ ಹಪ್ಪಳ, ಚಟ್ನಿಪುಡಿಗಳ ಡಬ್ಬಿಗಳ ನಡುವೆ ನಿತ್ಯಪಾಠದ ಪುಸ್ತಕವೊಂದನ್ನು ಇಡುತ್ತಾಳೆ. ತಂದೆಯ ಲೆಕ್ಕ ಒಂದು ದಿನ ಮುಗಿಯುತ್ತದೆ; ತಾಯಿಯ ಚಿಂತೆ ಮುಗಿಯುವುದಿಲ್ಲ. ಅನ್ಯಮತೀಯರ ಊಟದ ಮೇಜಿನ ಮುಂದೆ, ಅವರ ಪ್ರಾರ್ಥನೆಯ ನಡುವೆ ಕುಳಿತ ಮಗನು ಮೊದಲಿನ ಮಗನಾಗಿಯೇ ಹಿಂದಿರುಗುವನೇ ಎಂಬುದು ಆ ಚಿಂತೆ. ಇದಕ್ಕೆ ಉತ್ತರವನ್ನು ಅರಸುವವರು ಮಹಾತ್ಮಾ ಗಾಂಧಿಯವರ ತಾರುಣ್ಯದ ಕೆಲವು ವರ್ಷಗಳನ್ನು ಮತ್ತೊಮ್ಮೆ ನೆನೆಯುವುದು ಉಚಿತ.

1888ರಲ್ಲಿ ಹದಿನೆಂಟರ ತರುಣ ಮೋಹನದಾಸರು ಬ್ಯಾರಿಸ್ಟರ್ ವಿದ್ಯೆಗಾಗಿ ಇಂಗ್ಲೆಂಡಿಗೆ ಹೊರಟರು. ತಾಯಿ ಪುತಲೀಬಾಯಿಯವರ ಮನಸ್ಸು ಒಪ್ಪಲಿಲ್ಲ. ಅಲ್ಲಿ ಹೋದವರು ಕೆಡುತ್ತಾರೆ, ಮದ್ಯಮಾಂಸಗಳಿಲ್ಲದೆ ಅಲ್ಲಿ ಬದುಕಲಾರರು ಎಂಬ ಮಾತುಗಳು ಅವರ ಕಿವಿಗೆ ಬಿದ್ದಿದ್ದವು. ಕುಟುಂಬವು ವೈಷ್ಣವ ಸಂಪ್ರದಾಯದ್ದಾದರೂ ಆ ತಾಯಿ ಮೊರೆಹೊಕ್ಕದ್ದು ಬೇಚರಜೀ ಸ್ವಾಮಿ ಎಂಬ ಜೈನ ಸಾಧುಗಳನ್ನು. ಪೂರ್ವಾಶ್ರಮದಲ್ಲಿ ಅವರೂ ಮೋಢ ವಣಿಕರೇ. ಮದ್ಯ, ಮಾಂಸ, ಸ್ತ್ರೀಸಂಗ ಈ ಮೂರನ್ನು ವರ್ಜಿಸುವ ವ್ರತವನ್ನು ಅವರು ತರುಣನಿಗೆ ಕೊಟ್ಟರು. ಆ ಬಳಿಕವೇ ತಾಯಿಯ ಅನುಮತಿ ದೊರೆಯಿತು. ಶ್ರಾವಕಾಚಾರವನ್ನು ಬಲ್ಲವರಿಗೆ ಈ ಮೂರೂ ಹೊಸವಲ್ಲ. ಆದರೆ ಇಲ್ಲಿ ಜ್ಞಾನಕ್ಕಿಂತ ಮೊದಲೇ ಚಾರಿತ್ರವು ಕೈಹಿಡಿಯಿತು. ವ್ರತದ ತತ್ತ್ವವನ್ನು ತಿಳಿದಲ್ಲ, ತಾಯಿಯ ಕಣ್ಣೀರನ್ನು ಕಂಡು ಮಗನು ತಲೆಬಾಗಿದನು.

ಇಂಥ ವ್ರತ ಎಷ್ಟು ದಿನ ಬಾಳೀತು? ಲಂಡನ್ನಿನಲ್ಲಿ ಮೊದಮೊದಲು ಅವರು ಅರೆಹೊಟ್ಟೆಯಲ್ಲಿಯೇ ಇರಬೇಕಾಯಿತು. ಫಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರದ ಉಪಾಹಾರಗೃಹವೊಂದನ್ನು ಕಂಡ ದಿನವೇ ಅವರು ಆ ದೇಶದಲ್ಲಿ ತೃಪ್ತಿಯಾಗಿ ಉಂಡದ್ದು. ಮುಂದೆ ಆಹಾರದ ಪ್ರಯೋಗ ಮಾಡುತ್ತ, ಮೊಟ್ಟೆ ಮಾಂಸವಲ್ಲವೆಂಬ ಪಂಡಿತರ ವಾದಕ್ಕೆ ಮರುಳಾಗಿ ಕೆಲವು ದಿನ ಅದನ್ನು ಸೇವಿಸಿದ್ದೂ ಉಂಟು. ಆದರೆ ಬೇಗನೆ ಎಚ್ಚತ್ತರು. ವ್ರತವನ್ನು ಕೊಡಿಸಿದಾಗ ತಾಯಿಯ ಮನಸ್ಸಿನಲ್ಲಿದ್ದ ಅರ್ಥವೇ ಅದರ ಅರ್ಥ, ಹೊಸ ವ್ಯಾಖ್ಯಾನ ಮಾಡಲು ತಮಗೆ ಅಧಿಕಾರವಿಲ್ಲ ಎಂದು ನಿಶ್ಚಯಿಸಿ, ಮೊಟ್ಟೆ ಬೆರೆತ ತಿನಿಸುಗಳನ್ನೂ ಬಿಟ್ಟರು. ಕರಾರುಪತ್ರದ ಪದಗಳನ್ನು ತನಗೆ ಬೇಕಾದಂತೆ ತಿರುಚುವ ವರ್ತಕನನ್ನು ಪೇಟೆ ನಂಬುವುದಿಲ್ಲ. ವ್ರತವೂ ಅಂಥ ಕರಾರೇ. ಎದುರುಪಕ್ಷದವರು ಪ್ರಾಮಾಣಿಕವಾಗಿ ಅದನ್ನು ಹೇಗೆ ತಿಳಿದಿದ್ದರೋ ಹಾಗೆಯೇ ಅದನ್ನು ಸಲ್ಲಿಸಬೇಕು.

1891ರಲ್ಲಿ ಸ್ವದೇಶಕ್ಕೆ ಮರಳಿದಾಗ ತಾಯಿ ಇರಲಿಲ್ಲ. ಪರದೇಶದಲ್ಲಿ ಮಗನು ನೊಂದಾನೆಂದು ಮನೆಯವರು ಮರಣವಾರ್ತೆಯನ್ನು ತಿಳಿಸದೆ ಇದ್ದರು. 1893ರಲ್ಲಿ ಅವರು ದಾದಾ ಅಬ್ದುಲ್ಲಾ ಅವರ ವ್ಯಾಪಾರಸಂಸ್ಥೆಯ ವ್ಯಾಜ್ಯದ ಕೆಲಸಕ್ಕಾಗಿ, 105 ಪೌಂಡುಗಳ ಸಂಭಾವನೆಗೆ, ಒಂದು ವರ್ಷದ ಮಟ್ಟಿಗೆಂದು ದಕ್ಷಿಣ ಆಫ್ರಿಕಾಕ್ಕೆ ಹೋದರು. ಪ್ರಿಟೋರಿಯಾದಲ್ಲಿ ಆ ಸಂಸ್ಥೆಯ ವಕೀಲರಾಗಿದ್ದ ಬೇಕರ್ ಎಂಬವರು ಶ್ರದ್ಧಾವಂತ ಕ್ರೈಸ್ತರು. ಸ್ವಂತ ಖರ್ಚಿನಿಂದ ಪ್ರಾರ್ಥನಾಮಂದಿರವನ್ನು ಕಟ್ಟಿಸಿದವರು. ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ ಅವರಲ್ಲಿ ಕೂಡುತ್ತಿದ್ದ ಪ್ರಾರ್ಥನೆಗೆ ಮೋಹನದಾಸರೂ ಹೋಗುತ್ತಿದ್ದರು. ವರ್ಣಭೇದದ ಆ ನಾಡಿನಲ್ಲಿ ಇವರನ್ನು ಆದರದಿಂದ ಹತ್ತಿರ ಕರೆದವರಲ್ಲಿ ಈ ಕ್ರೈಸ್ತ ಮಿತ್ರರು ಸೇರಿದ್ದರು. ಆ ಉಪಕಾರವನ್ನು ಅವರು ಎಂದಿಗೂ ಮರೆಯಲಿಲ್ಲ.

ಅವರಲ್ಲಿ ಕೋಟ್ಸ್ ಎಂಬ ಕ್ವೇಕರ್ ಪಂಥದ ತರುಣ ಅತಿ ಸ್ನೇಹಪರ. ಒಂದು ದಿನ ಅವರ ದೃಷ್ಟಿ ಮೋಹನದಾಸರ ಕೊರಳಿನ ತುಳಸೀಮಾಲೆಯ ಮೇಲೆ ಬಿದ್ದಿತು. ಇದು ಮೂಢನಂಬಿಕೆ, ತಾನೇ ಹರಿದುಹಾಕುವೆನೆಂದು ಅವರು ಮುಂದಾದರು. ಮೋಹನದಾಸರು ತಡೆದರು. ಮಾಲೆಯ ಗೂಢಾರ್ಥ ತಮಗೆ ತಿಳಿಯದು, ಧರಿಸದಿದ್ದರೆ ಕೇಡಾಗುವುದೆಂದೂ ತಾವು ನಂಬಿಲ್ಲ. ಆದರೆ ಮಗನಿಗೆ ಒಳಿತಾಗಲೆಂದು ತಾಯಿ ಪ್ರೀತಿಯಿಂದ ಕೊಟ್ಟದ್ದನ್ನು ಬಲವಾದ ಕಾರಣವಿಲ್ಲದೆ ಹರಿಯಲಾರೆವು. ಸವೆದು ತಾನಾಗಿ ಕಳಚಿದರೆ ಹೊಸದನ್ನು ಧರಿಸುವ ಬಯಕೆಯೂ ಇಲ್ಲ ಎಂದರು. ಸುಳ್ಳು ಭಕ್ತಿಯೂ ಇಲ್ಲ, ಸುಳ್ಳು ವೀರಾವೇಶವೂ ಇಲ್ಲ. ತಮ್ಮ ಶ್ರದ್ಧೆ ಎಷ್ಟಿತ್ತೋ ಅಷ್ಟನ್ನೇ ತೂಗಿ ತೋರಿಸಿದ ಮಾತಿದು.

ಆದರೂ ಒಳಗೆ ಸಂದೇಹಗಳಿದ್ದವು. ಕ್ರೈಸ್ತ ಮಿತ್ರರು ಒಂದೆಡೆ, ಮುಸಲ್ಮಾನ ಮಿತ್ರರು ಇನ್ನೊಂದೆಡೆ ತಮ್ಮ ತಮ್ಮ ಧರ್ಮಗಳ ಕಡೆಗೆ ಸೆಳೆಯುತ್ತಿದ್ದರು. 1894ರಲ್ಲಿ ಅವರು ಮುಂಬಯಿಯ ಮುತ್ತುರತ್ನಗಳ ವ್ಯಾಪಾರಿ, ಪರಮ ಮುಮುಕ್ಷು ಶ್ರೀಮದ್ ರಾಜಚಂದ್ರರಿಗೆ 27 ಪ್ರಶ್ನೆಗಳನ್ನು ಬರೆದು ಕಳುಹಿಸಿದರು. ಶ್ರಾವಕರು ಇಲ್ಲಿ ಕ್ಷಣಕಾಲ ನಿಂತು ಯೋಚಿಸಬೇಕು. ತತ್ತರಿಸುತ್ತಿದ್ದ ತರುಣನನ್ನು ಜೈನಧರ್ಮಕ್ಕೆ ಕರೆದುಕೊಳ್ಳಲು ಇದಕ್ಕಿಂತ ಸುಲಭವಾದ ಸಮಯ ಯಾವುದಿತ್ತು? ರಾಜಚಂದ್ರರು ಹಾಗೆ ಮಾಡಲಿಲ್ಲ. ತಾಳ್ಮೆಯಿಂದಿರಿ, ಹಿಂದೂಧರ್ಮವನ್ನೇ ಇನ್ನೂ ಆಳವಾಗಿ ಅಭ್ಯಾಸ ಮಾಡಿರಿ ಎಂದು ಹೇಳಿದರು. ಅವರು ಕಳುಹಿಸಿದ ಗ್ರಂಥಗಳಲ್ಲಿ ಪಂಚೀಕರಣ, ಮಣಿರತ್ನಮಾಲೆ, ಯೋಗವಾಸಿಷ್ಠದ ಮುಮುಕ್ಷು ಪ್ರಕರಣಗಳಿದ್ದವು. ಜೈನಾಚಾರ್ಯ ಹರಿಭದ್ರಸೂರಿಗಳ ಷಡ್ದರ್ಶನಸಮುಚ್ಚಯವೂ ಇದ್ದಿತು. ಅದಾದರೂ ಎಲ್ಲ ದರ್ಶನಗಳನ್ನೂ ನಿರೂಪಿಸುವ ಗ್ರಂಥ. ಅನೇಕಾಂತವನ್ನು ಬಾಯಲ್ಲಿ ಹೇಳುವುದು ಸುಲಭ. ಹೀಗೆ ನಡೆದು ತೋರಿಸುವುದು ದುರ್ಲಭ.

ಮುಂದೆ ನೇಟಾಲಿನಲ್ಲಿದ್ದಾಗ ಇನ್ನೊಂದು ಕ್ರೈಸ್ತ ಕುಟುಂಬದ ಸ್ನೇಹವಾಯಿತು. ಪ್ರತಿ ಭಾನುವಾರ ಇಗರ್ಜಿಯ ಪ್ರಾರ್ಥನೆಯ ದಿನ ಅವರ ಮನೆಯಲ್ಲಿ ಊಟ. ಆ ಮನೆಯಲ್ಲಿ ಐದು ವರ್ಷದ ಬಾಲಕನಿದ್ದನು. ಮಕ್ಕಳ ಗೆಳೆತನ ಮೋಹನದಾಸರಿಗೆ ಬಲು ಪ್ರಿಯ. ಅವರು ಮಗುವಿನ ತಟ್ಟೆಯಲ್ಲಿದ್ದ ಮಾಂಸದ ತುಂಡನ್ನು ಹಗುರವಾಗಿ ಕಂಡು, ತಮ್ಮ ತಟ್ಟೆಯ ಸೇಬನ್ನು ಹೊಗಳಿದರು. ಮಗುವೂ ಸೇಬನ್ನೇ ಹೊಗಳತೊಡಗಿತು. ತಾಯಿಯ ಮುಖ ಬಾಡಿತು. ಮುಂದಿನ ವಾರ ಆಕೆ, ಮಗನು ಮಾಂಸವನ್ನು ತಿನ್ನಲು ತಕರಾರು ಮಾಡುತ್ತ ಸದಾ ಹಣ್ಣನ್ನೇ ಕೇಳುತ್ತಿದ್ದಾನೆ, ಇಂಥ ಮಾತು ಹಿರಿಯರ ನಡುವೆ ಇರಲಿ ಎಂದು ನೊಂದು ನುಡಿದರು. ಮೋಹನದಾಸರು ವಾದಿಸಲಿಲ್ಲ. ತಾವು ಏನನ್ನು ತಿನ್ನುವೆವು, ಏನನ್ನು ಬಿಡುವೆವು ಎಂಬುದೇ ಮಗುವಿಗೆ ಮಾತಿಗಿಂತ ಹೆಚ್ಚು ತಾಕುವುದೆಂದು ಹೇಳಿ, ಆ ಮನೆಯ ಭೇಟಿಯನ್ನೇ ನಿಲ್ಲಿಸಿದರು. ಸ್ನೇಹ ಮಾತ್ರ ಮುರಿಯಲಿಲ್ಲ.

ಸೇಬಿನ ಪಕ್ಷವೇ ಸರಿಯೆಂದು ಅಹಿಂಸಾವ್ರತಿಗಳು ನಿಸ್ಸಂಶಯವಾಗಿ ಹೇಳುವರು. ಆದರೆ ಆ ತಾಯಿಯ ಮುಖವನ್ನೂ ನೋಡಬೇಕು. ಪರರ ಸಹವಾಸದಿಂದ ಮಗನು ತನ್ನಿಂದ ದೂರವಾದಾನು ಎಂಬ ಭಯ ಪುತಲೀಬಾಯಿಯವರದೂ ಅದೇ, ಆಕೆಯದೂ ಅದೇ. ಒಬ್ಬ ತಾಯಿಯ ಭಯವನ್ನು ಗೌರವಿಸಿ ವ್ರತವನ್ನು ಕಾಪಾಡಿಕೊಂಡವರು, ಇನ್ನೊಬ್ಬ ತಾಯಿಯ ಭಯವನ್ನು ಗೌರವಿಸಿ ಹೊಸಿಲಿನಿಂದ ಹಿಂದೆ ಸರಿದರು. ವ್ರತವನ್ನು ಬಿಡಲಿಲ್ಲ, ಆಕೆಯ ಮನಸ್ಸನ್ನು ಇನ್ನಷ್ಟು ನೋಯಿಸಲೂ ಇಲ್ಲ.

ಪರದೇಶಕ್ಕೆ ಹೊರಟ ಮಗನಿಗೆ ತಾಯಿ ವ್ರತವನ್ನು ಕೊಡಲಿ. ಪ್ರೀತಿಯಿಂದ ಕೊಟ್ಟದ್ದು ಅರ್ಥ ತಿಳಿಯುವವರೆಗೂ ಕಾಯಬಲ್ಲದು. ತಂದೆ ಲೆಕ್ಕದ ಕಾಗದಗಳ ಜೊತೆಗೆ ಸಂದೇಹಗಳಿಗೆ ಉತ್ತರ ಬರೆಯಬಲ್ಲ ಒಬ್ಬ ಹಿರಿಯರ ವಿಳಾಸವನ್ನು ಕೊಡಲಿ. ಅಲ್ಲಿ ಅವನಿಗೆ ಅನ್ನವಿಕ್ಕುವ ಮನೆಯಲ್ಲಿಯೂ ತಾಯಿಯೊಬ್ಬಳಿರುವಳೆಂಬ ಮಾತನ್ನು ಇಬ್ಬರೂ ಸೇರಿ ಹೇಳಿ ಕಳುಹಿಸಲಿ.